ಗೂಡಿನ ಫೋಟೋದ ದಾರ

ಊರಿನವರು ಫೋಟೋ ಸ್ಟುಡಿಯೋದ ಯಜಮಾನರಿಗೆ ಇಟ್ಟಿದ್ದ ಹೆಸರು ‘ಅಲ್ಲಾಡಬೇಡಿ’. ಸ್ಟುಡಿಯೋದ ಸ್ಟೂಲಿನ ಮೇಲೆ ಯಾರೇ ಕೂತರೂ ಅವರು ಹೇಳುತ್ತಿದ್ದುದು ಅದೊಂದೇ ಮಾತು. ನಗಿ ಅನ್ನುತ್ತಿರಲಿಲ್ಲ. ಅದಕ್ಕೇ ಊರಿನ ಅರ್ಧ ಜನರ ಗುರುತಿನ ಚೀಟಿಯಲ್ಲಿ ಹೆದರಿದ ಮುಖವಿದೆ.

ಸ್ಟುಡಿಯೋ ಹೊಟ್ಟೆಪಾಡು. ಜೀವ ಇದ್ದದ್ದು ಊರಾಚೆಯ ಕೆರೆಯಲ್ಲಿ. ಚಿಕ್ಕಂದಿನಲ್ಲಿ ಸೋದರಮಾವನ ಹಳೇ ಕ್ಯಾಮೆರಾ ಕೈಗೆ ಬಂದಾಗ, ಮನೆಮಂದಿಯದು ತೆಗೆಯೋ ಅಂದರೆ ಒಂದು ರೋಲು ಪೂರ್ತಿ ಇರುವೆ ಸಾಲು ತೆಗೆದಿಟ್ಟಿದ್ದರಂತೆ. ಅಷ್ಟೂ ಮಸುಕು. ಆವತ್ತು ಹಿಡಿದ ಹುಚ್ಚು ಎಪ್ಪತ್ತೊಂದಕ್ಕೆ ಕಣ್ಣು ಮುಚ್ಚುವವರೆಗೂ ಬಿಡಲಿಲ್ಲ. ಮಿಂಚುಳ್ಳಿ ಮೀನಿಗೆ ಎರಗುವುದನ್ನು ತೆಗೆಯಲು ಒಮ್ಮೆ ಮೂರು ವಾರ ಸೊಂಟದ ಮಟ್ಟ ನೀರಲ್ಲಿ ನಿಂತರು. ನೆಗಡಿ ಸಿಕ್ಕಿತು, ಮಿಂಚುಳ್ಳಿ ಸಿಗಲಿಲ್ಲ.

ಹೆಂಡತಿ ಬಂದ ಹೊಸದರಲ್ಲಿ ಅತ್ತೆ ಹೇಳಿದ್ದರು: “ನೋಡಮ್ಮ, ಊಟಕ್ಕೆ ಕೂಗಿ ಕೂಗಿ ಗಂಟಲು ಹರ್ಕೋಬೇಡ. ಅವನಿಗೆ ಕೇಳ್ಸಲ್ಲ. ಹಕ್ಕಿ ಥರ ಒಂದು ಶಿಳ್ಳೆ ಹಾಕು, ಎದ್ದು ಬರ್ತಾನೆ.”

ಅವಳಿಗೆ ಶಿಳ್ಳೆ ಬರುತ್ತಿರಲಿಲ್ಲ. ತಟ್ಟೆ ಬಡಿಯುತ್ತಿದ್ದಳು.

ಅವಳು ಓದಿದ್ದು ನಾಲ್ಕನೇ ತರಗತಿ. ಆದರೆ ಕೈ ನಡುಗುತ್ತಿರಲಿಲ್ಲ. ಅದನ್ನು ನೋಡಿ ಅವರು ನೆಗೆಟಿವ್ ತಿದ್ದುವ ಕೆಲಸ ಕಲಿಸಿದರು. ಅಡಿಯಿಂದ ಬೆಳಕು ಬೀಳುವ ಗಾಜಿನ ಮೇಜು, ಸೂಜಿಯ ಹಾಗೆ ಚೂಪು ಮಾಡಿದ ಪೆನ್ಸಿಲು. ಫಿಲ್ಮಿನಲ್ಲಿ ತೆಳ್ಳಗೆ ಕಂಡ ಜಾಗವನ್ನು ಸಣ್ಣ ಸಣ್ಣ ಗೆರೆ ಹಾಕಿ ತುಂಬಿದರೆ ಫೋಟೋದಲ್ಲಿ ಆ ಕಲೆ ಮಾಯ. ಮೊಡವೆ, ಗಾಯದ ಗುರುತು, ಕಣ್ಣಿನ ಕೆಳಗಿನ ಕಪ್ಪು, ಎಲ್ಲವನ್ನೂ ಅವಳು ತೆಗೆದು ಹಾಕಿದಳು. “ದೇವರು ಮಾಡಿದ ತಪ್ಪನ್ನ ನನ್ನ ಹೆಂಡ್ತಿ ತಿದ್ತಾಳೆ” ಎಂದು ಅವರು ಗಿರಾಕಿಗಳ ಮುಂದೆ ಕೊಚ್ಚಿಕೊಳ್ಳುತ್ತಿದ್ದರು.

ಅವರು ಹೋಗಿ ಐದು ತಿಂಗಳಾದ ಮೇಲೆ ಲೈಬ್ರರಿ ಮೇಷ್ಟ್ರು ಬಂದರು. ನಮ್ಮ ಹಜಾರದಲ್ಲಿ ಅವರ ಫೋಟೋ ತೂಗುಹಾಕುತ್ತೇವೆ, ಮೂವತ್ತು ಆರಿಸಿ ಕೊಡಿ ಎಂದರು. ಮಗಳು ಬಂದು ಡಬ್ಬಿಗಳನ್ನೆಲ್ಲ ಹರವಿಕೊಂಡು ಕೂತಳು. ಎರಡನೇ ದಿನ ಕಪಾಟಿನ ಮೇಲಿನ ತಗಡಿನ ಡಬ್ಬಿಯಿಂದ ಒಂದು ಫೋಟೋ ತೆಗೆದಳು.

ಗೂಡು. ಎರಡು ಮರಿ, ಬಾಯಿ ತೆರೆದು ಕುತ್ತಿಗೆ ಚಾಚಿವೆ. ತಾಯಿ ಹಕ್ಕಿ ಆಗಷ್ಟೇ ಬಂದು ಕೂತಿದೆ, ರೆಕ್ಕೆ ಇನ್ನೂ ಪೂರ್ತಿ ಮಡಿಚಿಲ್ಲ. ಬೆಳಕು ಮರಿಗಳ ಗಂಟಲವರೆಗೆ ಇಳಿದಿದೆ.

“ಅಮ್ಮಾ! ಇದನ್ನ ಯಾಕೆ ಬಚ್ಚಿಟ್ಟಿದ್ರಿ ಇಬ್ರೂ? ಬಾಗಿಲಿಗೆ ಎದುರಾಗಿ ಹಾಕೋದು ಇದನ್ನೇ.”

“ಅದು ಬೇಡ.”

“ಯಾಕೆ?”

“ಬೇಡ ಅಂದ್ನಲ್ಲ. ನಿಮ್ಮಪ್ಪ ಯಾರಿಗೂ ತೋರಿಸ್ಬೇಡ ಅಂದಿದ್ರು.”

“ಅಪ್ಪ ತೆಗೆದಿದ್ರಲ್ಲೆಲ್ಲ ಇದೇ ಚೆನ್ನಾಗಿರೋದು. ಕಾರಣ ಹೇಳು, ಬಿಡ್ತೀನಿ. ಹೇಳಲ್ವಾ, ಇದು ಗೋಡೆ ಹತ್ತುತ್ತೆ.”

ಮಗಳದು ಅಪ್ಪನ ಹಾಗೇ ಉಡದ ಹಿಡಿತ. ತಾಯಿಗೆ ಎರಡೂ ಕಷ್ಟ. ಹೇಳಿದರೆ ತನ್ನ ತಪ್ಪು ಹೇಳಬೇಕು. ಹೇಳದಿದ್ದರೆ ಆ ಫೋಟೋವನ್ನು ಊರೆಲ್ಲ ಹೊಗಳುವುದನ್ನು ನಿಂತು ನೋಡಬೇಕು. ಮೂವತ್ತೆರಡು ವರ್ಷ ನುಂಗಿಕೊಂಡ ಮಾತು ಅದು.

ಕೊನೆಗೆ ಹೇಳಿದಳು.

ಆ ಬೇಸಿಗೆಯ ಬೆಳಿಗ್ಗೆ ಅವರು ಗೂಡಿಗೆ ನೆರಳಾಗಿದ್ದ ರೆಂಬೆಯನ್ನು ಕರೀ ದಾರದಿಂದ ಪಕ್ಕಕ್ಕೆ ಎಳೆದು ಕಟ್ಟಿದರು. ರೆಂಬೆ ಕಡಿಯುತ್ತಿರಲಿಲ್ಲ. ಕಟ್ಟಿ, ಫೋಟೋ ತೆಗೆದು, ಬಿಚ್ಚಿ ಬರುವುದು ಅವರ ಪದ್ಧತಿ. ಆವತ್ತು ಶಾಲೆಯ ಗ್ರೂಪ್ ಫೋಟೋಗೆ ಹೊತ್ತಾಗಿತ್ತು. ಸೈಕಲ್ ಹತ್ತಿ ಓಡಿದರು. ಬಿಚ್ಚಲು ಮರೆತರು. ಶಾಲೆಯಿಂದ ಬಂದು ಎರಡೂ ಫಿಲ್ಮು ತೊಳೆದು ಒಣಗಲು ಹಾಕಿ, ಗಿರಾಕಿಗಳ ಕಡೆ ಹೋದರು. ಮಧ್ಯಾಹ್ನ ಒಂದು ಗಂಟೆಗೆ ಅವಳು ಗೂಡಿನ ನೆಗೆಟಿವ್ ಮೇಜಿನ ಮೇಲಿಟ್ಟಳು. ಮೂಲೆಯ ಆಕಾಶದಲ್ಲಿ ಕೂದಲೆಳೆಯಷ್ಟು ಗೆರೆ. ಗೀರು ಬಿದ್ದಿದೆ ಅಂದುಕೊಂಡಳು. ತುಂಬಿದಳು.

ಎರಡು ಗಂಟೆಗೆ ಅವರು ಒದ್ದೆ ಫೋಟೋ ಹಿಡಿದುಕೊಂಡು ಮನೆಯೆಲ್ಲ ಕುಣಿದರು. ಅದರಲ್ಲಿ ದಾರ ಇರಲಿಲ್ಲ. ಇದ್ದಿದ್ದರೆ ನೆನಪಾಗುತ್ತಿತ್ತು. ಆಗಲೇ ಓಡಿದ್ದರೆ ಮರಿಗಳು ಉಳಿಯುತ್ತಿದ್ದವೋ ಏನೋ.

ಮರುದಿನ ಅಂಗಿಗೆ ಗುಂಡಿ ಹಾಕಿಸಿಕೊಳ್ಳಲು ದಾರದ ಉಂಡೆ ತಂದವರು ಹಾಗೇ ನಿಂತುಬಿಟ್ಟರು. ಕೆರೆಗೆ ಹೋಗಿ ಬಂದರು. ನೆಗೆಟಿವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಪೆನ್ಸಿಲ್ ಗೆರೆ ಅವರ ಕಣ್ಣಿಗೆ ಕಾಣದೆ ಇರುತ್ತದೆಯೇ? “ದಾರ ಬಿಚ್ಚಿರ್ಲಿಲ್ಲ, ಬಿಸಿಲಿಗೆ ಎರಡೂ ಹೋದ್ವು” ಎಂದರು. “ಇದನ್ನ ಯಾರಿಗೂ ತೋರಿಸ್ಬೇಡ” ಎಂದರು. ಅಷ್ಟೇ. ಆಮೇಲೆ ಮರಿಯಿದ್ದ ಗೂಡಿನ ಹತ್ತಿರ ಸುಳಿಯಲಿಲ್ಲ. ಹಕ್ಕಿ ಬಿಟ್ಟುಹೋದ ಖಾಲಿ ಗೂಡುಗಳನ್ನಷ್ಟೇ ತೆಗೆದರು. ಒಂದು ದಿನ ಬೈದಿದ್ದರೆ ಅವಳು ಅತ್ತು ಹಗುರಾಗುತ್ತಿದ್ದಳು. ಬೈಯಲಿಲ್ಲ.

ಮಗಳು ಫೋಟೋವನ್ನು ಹತ್ತಿರ ಹಿಡಿದು ಮೂಲೆಯ ಆಕಾಶ ನೋಡಿದಳು.

“ದಾರದ ಕಥೆ ನಂಗೊತ್ತಮ್ಮ. ಕೆರೆಗೆ ಮಕ್ಕಳನ್ನ ಕರ್ಕೊಂಡು ಹೋದಾಗೆಲ್ಲ ಅಪ್ಪ ಹೇಳೋರು. ಕಟ್ಟಿದ್ದೂ ನಾನೇ, ಮರೆತಿದ್ದೂ ನಾನೇ, ಎರಡು ಮರೀನ ಕೊಂದಿದ್ದೂ ನಾನೇ, ನೀವು ಮರೀಬೇಡಿ ಅಂತ.”

“ಊರಿಗೆಲ್ಲ ಹೇಳಿದ್ರಾ?”

“ಊರಿಗೆಲ್ಲ. ಮನೇಲಿ ಮಾತ್ರ ಈ ಮಾತು ಬೇಡ ಅನ್ನೋರು.”

“ನನ್ನ ವಿಷಯ?”

“ನಿನ್ನ ಸುದ್ದೀನೇ ಎತ್ತಿಲ್ಲ. ಪೆನ್ಸಿಲ್ಲಿನ ಮಾತು ನಾನು ಕೇಳ್ತಿರೋದು ಇವತ್ತೇ.”

ಅವಳಿಗೆ ಆಗ ತಿಳಿಯಿತು. ಕಥೆ ಗೊತ್ತಿದ್ದವರು ಈ ಫೋಟೋ ನೋಡಿದರೆ ದಾರ ಎಲ್ಲಿ ಎಂದು ಕೇಳುತ್ತಿದ್ದರು. ಯಾರೂ ಕೇಳದಿರಲಿ ಎಂದು ಅವರು ಇದನ್ನು ಡಬ್ಬಿಗೆ ಹಾಕಿದ್ದರು. ತಮ್ಮ ತಪ್ಪನ್ನು ಅವರು ಮುಚ್ಚಿರಲಿಲ್ಲ. ಮುಚ್ಚಿದ್ದು ಅವಳದನ್ನು.

“ಪೆದ್ದು ಮನುಷ್ಯ” ಎಂದಳು. “ಬಾಯಿ ಬಿಟ್ಟು ಒಂದು ಮಾತು ಹೇಳೋಕೆ ಏನಾಗಿತ್ತು?” ಅಳು ಬಂತು. ಅವರು ಹೋದ ದಿನವೂ ಇಷ್ಟು ಅತ್ತಿರಲಿಲ್ಲ.

ಅತ್ತು ಮುಗಿದ ಮೇಲೆ ನೆಗೆಟಿವ್ ಹುಡುಕಿ ಗಾಜಿನ ಮೇಜಿನ ಮೇಲಿಟ್ಟಳು. ಹತ್ತಿಗೆ ಒಂದು ಹನಿ ಟರ್ಪೆಂಟೈನ್ ಹಾಕಿ ಮೂಲೆಯ ಆಕಾಶ ಒರೆಸಿದಳು. ಪೆನ್ಸಿಲಿನ ಮಸಿ ಹತ್ತಿಗೆ ಬಂತು. ಕತ್ತಲೆ ಕೋಣೆಯಲ್ಲಿ ತಾಯಿ ಮಗಳು ಸೇರಿ ಹೊಸದಾಗಿ ಫೋಟೋ ಹಾಕಿದರು. ಕೆಂಪು ದೀಪದಡಿ ಮೊದಲು ತಾಯಿ ಹಕ್ಕಿಯ ಕಣ್ಣಿನ ಕಪ್ಪು ಮೂಡಿತು, ಜೊತೆಗೇ ದಾರ.

ಲೈಬ್ರರಿಯ ಹಜಾರದಲ್ಲಿ ಮೇಷ್ಟ್ರು ಚೀಟಿ, ಪೆನ್ನು ಹಿಡಿದು ನಿಂತರು. “ಎಲ್ಲದಕ್ಕೂ ಹಕ್ಕಿ ಹೆಸರು ಬರೆದಾಯ್ತು. ಇದಕ್ಕೇನು ಬರೀಲಿ ಅಮ್ಮ?”

“ದಾರ ಕಟ್ಟಿ ಮರೆತದ್ದು ಅವರು. ಫೋಟೋದಿಂದ ಅಳಿಸಿದ್ದು ನಾನು. ಮರಿ ಎರಡೂ ಸತ್ತವು. ಹೀಗೇ ಬರೀರಿ.”

“ಸ್ವಲ್ಪ ನಯವಾಗಿ ತಿದ್ದಿ ಬರೀಬಹುದಿತ್ತು...”

“ತಿದ್ದೋ ಕೆಲಸ ಬಿಟ್ಟಾಯ್ತು ಮೇಷ್ಟ್ರೇ.”

ಅವರು ಬರೆದರು. ಮಗಳು ಸ್ಟೂಲು ಹತ್ತಿ ಬಾಗಿಲಿನ ಎದುರು ಗೋಡೆಗೆ ಮೊಳೆ ಹೊಡೆಯಲು ಹೋದಳು.

“ಅಷ್ಟು ಮೇಲೆ ಬೇಡ, ಇಳಿ” ಎಂದಳು ತಾಯಿ. ತನ್ನ ಎದೆಯ ಮಟ್ಟಕ್ಕೆ ಗೋಡೆಯ ಮೇಲೆ ಬೆರಳಿಟ್ಟು ತೋರಿಸಿದಳು. “ಇಲ್ಲಿಗೆ ಹೊಡಿ. ಮಕ್ಕಳಿಗೂ ಕಾಣ್ಲಿ.”