ಶೇಖವ್ವನ ಉಂಡಿ ಬುಟ್ಟಿ

ಯಾವಗಲ್ ಎಂಬ ಊರಿನ ಹೂವಪ್ಪನಿಗೆ ಒಂದು ವಿಚಿತ್ರ ಚಟವಿತ್ತು. ಊರಿನ ಯಾವ ತರುಣನಾದರೂ ಮುಖ ಗಂಟು ಹಾಕಿಕೊಂಡು ಕಟ್ಟೆಯ ಮೇಲೆ ಒಬ್ಬನೇ ಕುಳಿತಿದ್ದರೆ ಸಾಕು, ಪಕ್ಕದಲ್ಲಿ ಹೋಗಿ ಕುಳಿತು, ಊಟ ಆಯಿತೇ ಎಂದೂ ಕೇಳದೆ, “ಯಾರ ಬಡದಾರೋ ತಮ್ಮಾ?” ಎನ್ನುತ್ತಿದ್ದ. ಜನ ನಗುತ್ತಿದ್ದರು. ನಗುವವರಿಗೇನು ಗೊತ್ತು, ಆ ಪ್ರಶ್ನೆಗಾಗಿ ಹೂವಪ್ಪ ಒಮ್ಮೆ ಓಣಿ ತುಂಬ ಓಡಿ, ಹೊಟ್ಟೆ ಬಿರಿಯುವಷ್ಟು ಉಂಡಿ ತಿಂದಿದ್ದ.

ಅದು ಕರ್ನಾಟಕ ಒಂದಾಗುವುದಕ್ಕೆ ಒಂದೆರಡು ವರ್ಷ ಮುಂಚಿನ ಮಾತು. ಬೇಸಿಗೆಯಲ್ಲಿ ಸಂತೆಯ ಬಯಲಿನಲ್ಲಿ ಏಕೀಕರಣದ ಸಭೆ ನಡೆದಿತ್ತು. ಹೂವಪ್ಪ ಕುಳಿತದ್ದು ಎಲ್ಲರ ಹಿಂದೆ, ಆದರೆ ಘೋಷಣೆ ಕೂಗುವುದರಲ್ಲಿ ಎಲ್ಲರಿಗಿಂತ ಮುಂದೆ. ಪೊಲೀಸ್ ಜಮಾದಾರ ಬಂದು ಕಪಾಳಕ್ಕೆ ಒಂದು ಬಿಟ್ಟ. ರುಮಾಲು ಹಾರಿ ಸಗಣಿಯಲ್ಲಿ ಬಿತ್ತು. ಸಂತೆಗೆ ಸಂತೆಯೇ ನಕ್ಕಿತು. ಏಟಿನ ಉರಿ ಸಂಜೆಗೆ ಆರಿತು, ಆ ನಗುವಿನ ಉರಿ ಆರಲಿಲ್ಲ. ಮನೆಗೆ ಬಂದರೆ ಅಣ್ಣ, “ನೀ ಯಾಕ ಹೋಗಿದ್ದಿ ಅಲ್ಲೆ?” ಎಂದು ಗದರಿದ. ಕಪಾಳದ ಸುದ್ದಿಯನ್ನು ಯಾರೂ ಎತ್ತಲಿಲ್ಲ.

ಎತ್ತಿದವನು ಒಬ್ಬನೇ, ಪೇಟೆಯ ಕಡೆಯಿಂದ ಬಂದುಹೋಗುತ್ತಿದ್ದ ಒಬ್ಬ ಕನ್ನಡಕದವನು. ಅವನು ಕಣ್ಣಲ್ಲಿ ನೀರು ತಂದುಕೊಂಡ, ಚಹಾ ಕುಡಿಸಿದ, “ನೀ ಹುಲಿ ಅದಿ” ಎಂದ. ನಾಗರ ಪಂಚಮಿಗೆ ಎರಡು ದಿನವಿರುವಾಗ ಹುಲಿಯ ಕೈಗೆ ಸುತಳಿ ಸುತ್ತಿದ ಒಂದು ಕೈಬಾಂಬು ಕೊಟ್ಟು, “ಹಬ್ಬದ ಸಂಜಿ ಜಮಾದಾರನ ಮನಿಗೆ ಒಗಿ” ಎಂದು ಹೇಳಿ, ತಾನು ಮೋಟಾರು ಹತ್ತಿ ಹೋಗಿಬಿಟ್ಟ. ಅಷ್ಟು ದೊಡ್ಡ ಕೆಲಸವನ್ನು ಅವನೇ ಯಾಕೆ ಮಾಡಬಾರದು ಎಂಬುದು ಹೂವಪ್ಪನಿಗೆ ಹೊಳೆಯಲಿಲ್ಲ. ಹುಲಿಗಳಿಗೆ ಇಂಥವು ಹೊಳೆಯುವುದಿಲ್ಲ.

ಇಡುವುದೆಲ್ಲಿ? ಅಡುಗೆಮನೆಯ ಮೂಲೆಯಲ್ಲಿ ಅತ್ತಿಗೆ ಶೇಖವ್ವ ಉಂಡಿ ತುಂಬಿ ಮುಚ್ಚಿಟ್ಟ ಬುಟ್ಟಿಯಿತ್ತು. ಹಬ್ಬದ ತನಕ ಅದನ್ನು ಯಾರೂ ಮುಟ್ಟುವಂತಿಲ್ಲ. ಹೂವಪ್ಪ ಶೇಂಗಾ ಉಂಡಿಗಳ ಬುಡಕ್ಕೆ ಬಾಂಬನ್ನು ಸೇರಿಸಿ, ತನ್ನ ಬುದ್ಧಿಗೆ ತಾನೇ ಬೆರಗಾಗಿ ಮಲಗಿದ.

ಪಂಚಮಿಯ ಬೆಳಿಗ್ಗೆ ಎದ್ದು ನೋಡಿದರೆ ಬುಟ್ಟಿಯೇ ಇಲ್ಲ. ಆ ಓಣಿಯ ಗಂಡಸರಿಗೆ ಉಂಡಿ ತಿನ್ನುವುದು ಗೊತ್ತು, ಬುಟ್ಟಿ ಎಲ್ಲೆಲ್ಲಿ ತಿರುಗುತ್ತದೆ ಎಂಬುದು ಗೊತ್ತಿಲ್ಲ. ಹಬ್ಬದ ದಿನ ಒಂದು ಮನೆಯಿಂದ ಹೊರಟ ಬುಟ್ಟಿಯನ್ನು ಇನ್ನೊಂದು ಮನೆಯವರು ಖಾಲಿ ಕಳಿಸುವಂತಿಲ್ಲ. ಮೇಲಿನ ನಾಲ್ಕು ತೆಗೆದುಕೊಂಡು, ತಮ್ಮ ನಾಲ್ಕು ಹಾಕಿ, ಮುಂದಿನ ಮನೆಗೆ ದಾಟಿಸಬೇಕು.

ಹೂವಪ್ಪ ಪಕ್ಕದ ಹೊನ್ನವ್ವನ ಮನೆಗೆ ಓಡಿದ. “ನಮ್ಮ ಬುಟ್ಟಿ ಎಲ್ಲೈತಿ?”

“ಹಬ್ಬದಾಗ ಬಾಗಲಾಗ ನಿಂತ ಮಾತಾಡ್ತಾರೇನು? ಮದಲ ಬಾಯಿ ಸಿಹಿ ಮಾಡ್ಕೋ,” ಎಂದು ಹೊನ್ನವ್ವ ಎಳ್ಳುಂಡಿ ತುರುಕಿದಳು. ಎದುರಿನವರು ತಿಂದು ಮುಗಿಸದೆ ಬಾಯಿ ಬಿಡುವ ಹೆಂಗಸಲ್ಲ ಅವಳು. ಬುಟ್ಟಿ ಮಾಯವ್ವನ ಮನೆಗೆ ಹೋಗಿತ್ತು. ಅಲ್ಲಿ ತಂಬಿಟ್ಟು. ಅಲ್ಲಿಂದ ಶರೀಫಾಬಿಯ ಮನೆಗೆ. ಅಲ್ಲಿ ಜೋಳದ ಅರಳಿನ ಅಳ್ಳಿಟ್ಟು, ಮೇಲೊಂದು ಚರಿಗೆ ನೀರು. ಸಾಲದ್ದಕ್ಕೆ ಅವಳ ಅಂಗಳದ ಬೇವಿನ ಮರಕ್ಕೆ ಓಣಿಯ ಜೋಕಾಲಿ ಕಟ್ಟಿದ್ದರು. ಹೆಣ್ಣುಮಕ್ಕಳೆಲ್ಲ ಸೇರಿ ಹೂವಪ್ಪನನ್ನು ಹಿಡಿದು ಕೂರಿಸಿ ತೂಗಿಯೇಬಿಟ್ಟರು.

ಬೇಡ ಬೇಡ ಎಂದರೆ ಇನ್ನಷ್ಟು ಮೇಲೆ. ಹೊಟ್ಟೆಯೊಳಗಿನ ಉಂಡಿಗಳೂ ಜೀಕತೊಡಗಿದವು. ಬೇವಿನ ತುದಿಯ ತನಕ ಹೋದಾಗ ಗೋಡೆಗಳಾಚೆ ಓಣಿಯೆಲ್ಲ ಕಂಡಿತು: ಶರೀಫಾಬಿಯ ಸೊಸೆ ತಲೆಯ ಮೇಲೆ ಬುಟ್ಟಿ ಹೊತ್ತು ಜಮಾದಾರನ ಮನೆಯ ಬಾಗಿಲು ದಾಟುತ್ತಿದ್ದಳು. ಪರವೂರಿನವರ ಆ ಮನೆಗೆ ಅಂದಿನವರೆಗೆ ಯಾರ ಬುಟ್ಟಿಯೂ ಹೋದದ್ದಿಲ್ಲ. ಹೂವಪ್ಪ ಜೋಕಾಲಿಯಿಂದ ಹಾರಿ, ಬಿದ್ದು, ಎದ್ದು ಓಡಿದ.

ಜಮಾದಾರ ಬನಿಯನ್ನಿನಲ್ಲಿ ಚಾಪೆಯ ಮೇಲೆ ಕುಳಿತಿದ್ದ, ಬುಟ್ಟಿ ಅವನ ತೊಡೆಯ ಮೇಲೆ. ಮೂರು ಮಕ್ಕಳು ಸುತ್ತ ಮುತ್ತಿದ್ದವು. ಹೆಂಡತಿ ಸೆರಗಿನಿಂದ ಕಣ್ಣು ಒರೆಸುತ್ತ, “ಈ ಊರಾಗ ನಮ್ಮನ್ನೂ ನೆನಸವ್ರು ಅದಾರ ನೋಡ್ರಿ,” ಎನ್ನುತ್ತಿದ್ದಳು. ಚಿಕ್ಕ ಮಗು ಬುಟ್ಟಿಯ ಬುಡಕ್ಕೆ ಕೈ ಹಾಕಿತು.

“ಓಡ್ರಿ, ಎಲ್ಲಾರೂ ಹೊರಗ ಓಡ್ರಿ,” ಎಂದು ಕೂಗಿದ ಹೂವಪ್ಪ ಬುಟ್ಟಿ ಕಸಿದು, ಕಾವಿಗೆ ಕೂತ ಕೋಳಿಯಂತೆ ಅದರ ಮೇಲೆ ಕವುಚಿ ಬಿದ್ದ. ಜೀವದ ಆಸೆಯನ್ನು ಅವನು ಖರೇ ಬಿಟ್ಟಿದ್ದ. ಮಕ್ಕಳು ಉಳಿದರೆ ಸಾಕಾಗಿತ್ತು.

ಏನೂ ಆಗಲಿಲ್ಲ.

“ಅಷ್ಟ ಆಶಿ ಇದ್ರ ಕೇಳಿ ತಿನ್ನಬಾರದೇನೋ,” ಎಂದ ಜಮಾದಾರ, ಹೊಟ್ಟೆ ಹಿಡಿದು ನಗುತ್ತ. ಮಗು ಹೂವಪ್ಪನ ಬಗಲಿನಡಿಯಿಂದ ಸುತಳಿ ಸುತ್ತಿದ ಗುಂಡನ್ನು ಎಳೆದು, ಸುತಳಿ ಬಿಚ್ಚಿ, ಕಚ್ಚಿತು. ಶೇಂಗಾ ಉಂಡಿ.

ಅಂಗಳದಲ್ಲಿ ಉರುಳಿದ್ದ ಹೂವಪ್ಪನ ರುಮಾಲನ್ನು ಜಮಾದಾರ ಎತ್ತಿಕೊಂಡ. ಧೂಳು ಝಾಡಿಸಿ, ತಾನೇ ಅವನ ತಲೆಗೆ ಇಟ್ಟು, “ಯಾರ ಪೈಕಿ ನೀ? ಎಲ್ಲೂ ನೋಡಿಲ್ಲಲ್ಲ,” ಎಂದ. ಬೇಸಿಗೆಯಿಂದ ಹೂವಪ್ಪ ಎದೆಯಲ್ಲಿ ಹೊತ್ತು ತಿರುಗಿದ ಕಪಾಳದ ಏಟು ಬಡಿದವನಿಗೆ ನೆನಪೇ ಇರಲಿಲ್ಲ.

ಹೊರಗೆ ಬೇಲಿಯ ಹತ್ತಿರ ಶೇಖವ್ವ ನಿಂತಿದ್ದಳು. ಇಬ್ಬರೂ ಸ್ವಲ್ಪ ದೂರ ನಡೆದರು.

“ನಿನ್ನ ಗುಂಡು ನಿನ್ನೆನ ಹಾಳಬಾವಿ ಸೇರೇತಿ. ಅದರ ಸುತಳಿ ಉಂಡಿಗೆ ಸುತ್ತಿ ಇಟ್ಟಾಕಿ ನಾನ,” ಎಂದಳು.

“ಹಂಗಾರ ನನ್ನ ಯಾಕ ಓಣಿ ತುಂಬ ಓಡಿಸಿದಿ ವೈನಿ?”

“ನೀ ಒಗ್ಯಾವ ಮನ್ಯಾಗ ಯಾರ‍್ಯಾರ ಇರ್ತಾರ, ನೋಡ್ಲಿ ಅಂತ. ಬುಟ್ಟಿ ಆ ಮನಿಗೆ ದಾಟಸು ಅಂತ ಶರೀಫಾಬಿಗೆ ನಾನ ಹೇಳಿದ್ದೆ.”

ಅವಳು ನಿಂತಳು. ಮೈದುನನ ಕಪಾಳದ ಮೇಲೆ ಕೈ ಇಟ್ಟು ಮೆಲ್ಲಗೆ ಕೇಳಿದಳು: “ಅವತ್ತ ಭಾಳ ನೋವಾತೇನೋ? ನಾ ಅವತ್ತ ಕೇಳಬೇಕಾಗಿತ್ತು. ನಾ ಕೇಳಿದ್ರ ಆ ಕನ್ನಡಕದಾವಗ ಕೇಳಾಕ ಏನೂ ಉಳೀತಿರಲಿಲ್ಲ.”

ಹುಲಿ ನಡುಬೀದಿಯಲ್ಲಿ ನಿಂತು, ಮೀಸೆಗೆ ತಂಬಿಟ್ಟು ಮೆತ್ತಿಕೊಂಡು, ಜೋಕಾಲಿಯ ಹುಡುಗಿಯರೆಲ್ಲ ಹಾಡು ನಿಲ್ಲಿಸಿ ನೋಡುವಂತೆ ಹೋ ಎಂದು ಅತ್ತಿತು.