ಜಪಾನಿನ ಹಾಲಿನ ಸಾರು

ಎಂಬತ್ತರ ದಶಕದ ಒಂದು ಭಾನುವಾರ. ಬೆಳಗಾವಿಯ ನಮ್ಮ ಮನೆಯಲ್ಲಿ ಎಂದಿನಂತೆ ಅವಲಕ್ಕಿಗೆ ಒಗ್ಗರಣೆ ಹಾಕಿ ನಡುಮನೆಗೆ ಬಂದೆ. ಯಜಮಾನರು ಖಾನಾಪುರದಿಂದ ಬಂದಿದ್ದ ತಮ್ಮ ತಾಯಿಗೆ ಜಪಾನಿನ ಫೋಟೋ ತೋರಿಸುತ್ತಿದ್ದರು. ಕಾರ್ಖಾನೆಯವರು ಅವರನ್ನು ಒಂದು ತಿಂಗಳ ತರಬೇತಿಗೆ ಅಲ್ಲಿಗೆ ಕಳಿಸಿದ್ದರು. ಫೋಟೋದಲ್ಲಿ ಅವರು ಹಳೆಯ ಶಾವಿಗೆ ಅಂಗಡಿಯೊಂದರ ಮುಂದೆ ಬೆಳ್ಳನೆಯ ಸಾರಿನ ಬಟ್ಟಲು ಹಿಡಿದು ನಿಂತಿದ್ದರು.

“ಮೂರು ತಲಿಮಾರಿನ ಅಂಗಡಿ, ಅವ್ವಾ. ಇದು ಹಾಲಿನ ಸಾರು,” ಎಂದರು. ಹಿಂದಿನ ಕ್ರಿಸ್‌ಮಸ್ಸಿಗೆ ನನ್ನ ಕಾನ್ವೆಂಟ್ ಗೆಳತಿ ಕೊಟ್ಟ ಕೇಕಿನಲ್ಲಿ ತತ್ತಿ ಇದೆಯೆಂದು ತಟ್ಟೆಯನ್ನೂ ಹಿತ್ತಲಿಗೆ ಹಾಕಿಸಿದ ಆಚಾರವಂತರು ನಮ್ಮ ಈ ಯಜಮಾನರೇ.

ಅತ್ತೆ ಕನ್ನಡಕ ಸರಿಮಾಡಿಕೊಂಡರು. “ಮತ್ತ ಬೋರ್ಡಿನ್ಯಾಗ ಈ ಹಂದಿ ಯಾಕ ನಗಾಕತ್ತೇತಿ?”

ನಮ್ಮವರು ಫೋಟೋ ಹಿಂದಕ್ಕೆ ತೆಗೆದುಕೊಳ್ಳಲು ಕೈ ಚಾಚಿದರು. ಅತ್ತೆ ಫೋಟೋ ನನ್ನ ಕೈಗಿಟ್ಟರು. “ನೀ ಇಂಗ್ಲಿಷ್ ಕಲತಾಕಿ. ಹಂದಿ ಕೆಳಗ ಏನ್ ಬರದಾರ ಓದವಾ.”

ಹಂದಿ ಎಲುಬಿನ ಸಾರಿಗೆ ಹೆಸರಾದ ಹಳೆಯ ಅಂಗಡಿ ಎಂದು ಸ್ಪಷ್ಟವಾಗಿಯೇ ಬರೆದಿತ್ತು. ಗೊತ್ತಾದರೆ ಅತ್ತೆ ನಮ್ಮ ಮನೆಯಲ್ಲಿ ಇನ್ನು ನೀರೂ ಮುಟ್ಟುವವರಲ್ಲ. ನಮ್ಮವರ ಹಣೆಯ ವಿಭೂತಿ ಬೆವರಿನೊಂದಿಗೆ ಹುಬ್ಬಿಗಿಳಿಯುತ್ತಿತ್ತು.

“ಭಾಳ ಹಳೇ ಅಂಗಡಿ ಅಂತ ಬರದಾರ್ರಿ, ಅತ್ತಿ,” ಎಂದೆ. ಸುಳ್ಳಂತೂ ಹೇಳಲಿಲ್ಲ.

ಮಧ್ಯಾಹ್ನವೇ ಫೋಟೋ ಕಪಾಟಿನ ತಳ ಸೇರಿತು. ಸಂಜೆ ಬಾಜು ಮನೆಯ ಗಂಗಕ್ಕ ಒಣಗಿದ ಬಟ್ಟೆ ತೆಗೆಯುತ್ತಾ ಕಂಪೌಂಡಿನಾಚೆಯಿಂದ ಅಂದರು: “ನಿಮ್ಮ ಮನಿಯವರು ಜಪಾನದಾಗ ಬರೇ ಹಾಲಿನ ಮ್ಯಾಲ ಇದ್ರಂತ, ನಿಮ್ಮ ಅತ್ತಿ ಹೇಳಿದ್ರು. ಏನರ ಅನ್ರಿ, ಮೈ ಮಾತ್ರ ಚಲೋ ಹತ್ತೇತಿ.”