ಜಂಬಣ್ಣ ಉಳಿಸಿದ ಕರೆಂಟು

ಭದ್ರಾವತಿಯ ನ್ಯೂ ಟೌನಿನಲ್ಲಿ ಜಂಬಣ್ಣನವರ ಬೆರಳು ತಾಗದ ಸ್ವಿಚ್ಚು ಇರಲಿಲ್ಲ. ಯಾರದೇ ಮನೆಗೆ ಹೋಗಲಿ, ಖಾಲಿ ಕೋಣೆಯಲ್ಲಿ ದೀಪ ಉರಿಯುತ್ತಿದ್ದರೆ ಎದ್ದು ಆರಿಸಿ ಬಂದೇ ಕಾಫಿ ಲೋಟ ಮುಟ್ಟುವವರು. ಒಮ್ಮೆ ಬಚ್ಚಲಿನಲ್ಲಿದ್ದ ಬೀಗರನ್ನೇ ಕತ್ತಲಲ್ಲಿ ಕೂರಿಸಿದ ಕೀರ್ತಿಯೂ ಅವರಿಗಿತ್ತು. ಹುಟ್ಟುಗುಣ ಸುಟ್ಟರೂ ಹೋಗಲ್ಲ ಎಂದು ಹೆಂಡತಿ ಕಲ್ಲಮ್ಮ ಹೇಳುವುದನ್ನೇ ಬಿಟ್ಟಿದ್ದರು.

ಕಾರ್ಖಾನೆಯಿಂದ ಸ್ವಯಂ ನಿವೃತ್ತಿ ಪಡೆದ ಮೇಲೆ ಅವರು ಅಲ್ಲೇ ಒಂದು ಸಹಕಾರಿ ದಿನಸಿ ಅಂಗಡಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದರು. 2004ರ ಮಾತು. ಒಳಕೋಣೆಯಲ್ಲಿ ಲೆಕ್ಕವೆಲ್ಲ ಇಡುವ ಸರ್ವರ್, ಹೊರಗೆ ಬಿಲ್ ಹಾಕುವ ಕಂಪ್ಯೂಟರ್, ನಡುವೆ ಕೇಬಲ್ಲು. ಹೊಸ ಸರ್ವರ್ ಬಂದಾಗ ಅದರೊಳಗೆ ಆ ಕೇಬಲ್ಲು ಸಿಕ್ಕಿಸುವ ನೆಟ್‌ವರ್ಕ್ ಕಾರ್ಡಿನ ಸೆಟ್ಟಿಂಗ್ ತೆರೆದು ಒಂದೊಂದೇ ನೋಡುತ್ತಿದ್ದವರಿಗೆ ಒಂದು ಸಾಲು ಕಂಡಿತು: ಕೆಲಸವಿಲ್ಲದಾಗ ಈ ಕಾರ್ಡನ್ನು ಆಫ್ ಮಾಡಿ ಕರೆಂಟು ಉಳಿಸಬಹುದು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಟಿಕ್ ಒತ್ತಿಬಿಟ್ಟರು.

ಅಂದಿನಿಂದ ಬಿಲ್ಲು ತಡವರಿಸತೊಡಗಿತು. ಒಮ್ಮೆ ಸರಾಗ, ಒಮ್ಮೆ ಪರದೆ ಕಲ್ಲಾಗಿ ಕೂರುವುದು. ಕೌಂಟರಿನ ವಿದ್ಯಾಶ್ರೀ ಶಿವಮೊಗ್ಗದ ಆಲ್ಕೊಳದಿಂದ ದಿನಾ ಬಸ್ಸಿನಲ್ಲಿ ಬರುವ ಹುಡುಗಿ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಗಿರಾಕಿಗಳ ಗೊಣಗಾಟವೆಲ್ಲ ಅವಳ ತಲೆಗೇ ಬಂತು.

"ಆ ಹುಡುಗಿ ಕೈ ನಿಧಾನ. ಈ ತಿಂಗಳಿಗೆ ಸಾಕು ಅಂತ ಹೇಳ್ಬಿಡ್ತೀನಿ," ಎಂದರು ಕಾರ್ಯದರ್ಶಿ ಷಡಕ್ಷರಪ್ಪ.

"ಸರ್ವರ್ ಹೊಸದು ಸಾರ್, ಅದರದ್ದೇನೂ ತಪ್ಪಿಲ್ಲ," ಎಂದು ಜಂಬಣ್ಣನವರೂ ಒಗ್ಗರಣೆ ಹಾಕಿದರು.

ಆ ಮಧ್ಯಾಹ್ನ ಅಂಗಡಿ ಖಾಲಿಯಿತ್ತು. ವಿದ್ಯಾಶ್ರೀ ನೀರು ಕುಡಿಯಲು ಎದ್ದಳು; ಜಂಬಣ್ಣ ಅಭ್ಯಾಸಬಲದಿಂದ ಅವಳ ಫ್ಯಾನು ಆರಿಸಿದರು. ಬಂದವಳು ಮತ್ತೆ ಹಾಕಿದಳು. ಹಳೇ ಫ್ಯಾನು, ನರಳಿ ನರಳಿ ತಿರುಗಿತು.

"ಏನು ಜಂಬಣ್ಣೋರೆ, ಎದ್ದು ಕೂರೋದ್ರೊಳಗೆ ಆರಿಸಿಬಿಡ್ತೀರ. ಇದು ಮತ್ತೆ ವೇಗ ಹಿಡಿಯೋದ್ರೊಳಗೆ ನಾನು ಬೆವೆತುಹೋಗ್ತೀನಿ."

ಅಷ್ಟರಲ್ಲಿ ಗಿರಾಕಿಯೊಬ್ಬರು ಬಂದರು. ಅವಳು ಕೀಲಿ ಒತ್ತಿದಳು. ಪರದೆ ಕದಲಲಿಲ್ಲ.

ಜಂಬಣ್ಣ ಒಮ್ಮೆ ಫ್ಯಾನು ನೋಡಿದರು, ಒಮ್ಮೆ ಪರದೆ ನೋಡಿದರು. ಜನ ಮುತ್ತಿದಾಗ ಓಡುವ ಬಿಲ್ಲು ಅಂಗಡಿ ಖಾಲಿಯಾದ ಮೇಲೆಯೇ ಏಕೆ ನಿಲ್ಲುತ್ತದೆಂದು ಈಗ ಹೊಳೆಯಿತು. ಆ ಟಿಕ್ ಒತ್ತಿ, ಬಿಡುವು ಸಿಕ್ಕಿದೊಡನೆ ಕಾರ್ಡನ್ನು ಮಲಗಿಸುತ್ತಿದ್ದವರು ತಾವೇ; ಫ್ಯಾನಿನಂತೆ ಅದಕ್ಕೂ ಮತ್ತೆ ಏಳಲು ಹೊತ್ತು ಬೇಕಿತ್ತು. ಒಳಗೆ ಹೋಗಿ ಟಿಕ್ ತೆಗೆದರು. ಸಂಜೆವರೆಗೆ ಬಿಲ್ಲು ಒಮ್ಮೆಯೂ ನಿಲ್ಲಲಿಲ್ಲ.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಆಸೆ ಅವರಿಗೂ ಬಂತು, ಸುಳ್ಳೇಕೆ? ಆದರೆ ಬುತ್ತಿ ಚೀಲ ಹಿಡಿದು ಬಸ್ಸಿಗೆ ಓಡುತ್ತಿದ್ದ ಹುಡುಗಿಯನ್ನು ನೋಡಿ ತಡೆಯಲಾಗಲಿಲ್ಲ. ನೇರ ಷಡಕ್ಷರಪ್ಪನವರ ಬಳಿ ಹೋದರು.

"ಸಾರ್, ಹುಡುಗಿ ಕೈ ನಿಧಾನ ಅಲ್ಲ, ನನ್ನ ಕೈ ಸುಮ್ನಿರಲ್ಲ. ಕಳಿಸೋದಾದ್ರೆ ನನ್ನನ್ನ ಕಳಿಸಿ," ಎಂದು ಎಲ್ಲ ಹೇಳಿದರು.

ಷಡಕ್ಷರಪ್ಪ ಹೊಟ್ಟೆ ತುಂಬ ಬೈದರು. ಯಾರನ್ನೂ ಕಳಿಸಲಿಲ್ಲ.

ಮಾರನೆಯ ಮಧ್ಯಾಹ್ನ ವಿದ್ಯಾಶ್ರೀ ಎದ್ದಾಗ ಜಂಬಣ್ಣ ಕೈಕಟ್ಟಿ ಗೋಡೆ ನೋಡುತ್ತ ಕೂತಿದ್ದರು. ಫ್ಯಾನು ಖಾಲಿ ಕುರ್ಚಿಗೆ ಗಾಳಿ ಹಾಕುತ್ತಿತ್ತು; ಇವರ ಹೊಟ್ಟೆ ಉರಿಯುತ್ತಿತ್ತು. ಬಾಗಿಲವರೆಗೆ ಹೋದವಳು ತಿರುಗಿ ನೋಡಿದಳು.

"ಊಟಕ್ಕೆ ಹೋಗ್ತಿದ್ದೀನಿ, ಬರೋದು ತಡ. ಆರಿಸಿ ಮಾರಾಯ್ರೆ."

ಜಂಬಣ್ಣ ತಟ್ಟನೆ ಎದ್ದರು.